ಕಪ್ಪಾದ ಚಾಕು

ನವೆಂಬರ್ ೧೪, ಗುರುವಾರ

ಕಮ್ಮಾರನ ಮಾತು ಇನ್ನೂ ಚುಚ್ಚುತ್ತಿದೆ. ನನ್ನ ಸಂಗ್ರಹಕ್ಕೆ ಹನ್ನೆರಡನೆಯ ಚಾಕು ಕೊಳ್ಳಲು ಅವನ ಕುಲುಮೆಗೆ ಹೋದವಳು, ಅವನೇ ಬಡಿದುಕೊಟ್ಟ ಹಳೆಯದೊಂದನ್ನೂ ಒಯ್ದಿದ್ದೆ. ಹೋದ ತಿಂಗಳು ಸೊಸೆ ನನ್ನನ್ನು ಕೇಳದೆ ಅದರಲ್ಲಿ ಈರುಳ್ಳಿ ಹೆಚ್ಚಿ, ಅಲಗು ಕಪ್ಪಾಗಿತ್ತು. ಬೀಗರ ಮುಂದೆಯೇ ಅವಳ ನೀರಿಳಿಸಿದ್ದೆ. ಆಮೇಲೆ ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದರೆ, ಈಗ ತುಕ್ಕು.

ಅವನು ಅಲಗನ್ನು ಬೆಳಕಿಗೆ ಹಿಡಿದ. "ಯಾರಮ್ಮ ಇದನ್ನ ಹೀಗೆ ಉಜ್ಜಿದ್ದು?"

"ನಾನೇ. ಸೊಸೆ ಕಪ್ಪು ಮಾಡಿಟ್ಟಿದ್ದಳು."

"ಆ ಕಪ್ಪೇ ಅಲ್ವಾ ತುಕ್ಕು ತಡೆಯೋದು! ಬಳಸ್ತಾ ಬಳಸ್ತಾ ಬರೋ ಬಣ್ಣ ಅದು. ಇನ್ಮೇಲೆ ಚಾಕು ಸೊಸೆ ಕೈಗೆ ಕೊಡಿ, ನೀವು ದೂರ ಇರಿ."

ಹನ್ನೊಂದು ಚಾಕು ಕೂಡಿಟ್ಟವಳಿಗೆ ಇಷ್ಟು ತಿಳಿದಿರಲಿಲ್ಲ. ಹೊಸದನ್ನು ಕೊಳ್ಳದೆ ಬಂದೆ.

ಊಟವಾದ ಮೇಲೆ ಹೇಳಿಬಿಡೋಣವೆಂದು ಅಡುಗೆಮನೆಗೆ ಹೋದೆ. ಈ ಮನೆಯಲ್ಲಿ ನಾನು ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ.

"ಏನ್ ಬೇಕಿತ್ತು ಅತ್ತೆ?" ಎಂದಳು ಸೊಸೆ.

"ನೀರು," ಎಂದೆ. ಬಾಯಾರಿಕೆ ಇರಲಿಲ್ಲ. ಲೋಟ ಪೂರ್ತಿ ಅವಳೆದುರೇ ಕುಡಿದು ಬಂದೆ.

ಅವಳೊಬ್ಬಳಿಗೇ ಹೇಳಿದರೆ ಸಾಲದು. ಬೀಗರ ಮುಂದೆ ಆಡಿದ್ದನ್ನು ಬೀಗರ ಮುಂದೆಯೇ ಹಿಂತೆಗೆದುಕೊಳ್ಳಬೇಕು. ಅವರನ್ನು ಭಾನುವಾರ ಊಟಕ್ಕೆ ಕರೆ ಎಂದು ಬೆಳಗ್ಗೆ ಅವಳಿಗೆ ಹೇಳುತ್ತೇನೆ. ಯಾಕೆ ಎಂದು ಕೇಳಿದರೆ, ಈ ಸಲ ನೀರು ಎನ್ನುವುದಿಲ್ಲ.