ಅರ ಹಚ್ಚದ ಸುರ

೧೨-೬-೭೪, ಬುಧವಾರ. ಬೆಳಿಗ್ಗೆ ೭

ಸೆರಗು ಮತ್ತೆ ಪೆಟ್ಟಿಗೆಯ ತಿದಿಯ ಮಡಿಕೆಯಲ್ಲಿ ಸಿಕ್ಕಿತು. ಈ ತಿಂಗಳಲ್ಲಿ ಮೂರನೇ ಸಲ. ನಾಳೆಯಿಂದ ಪ್ರಾಕ್ಟೀಸಿಗೆ ಕೂಡುವ ಮೊದಲು ಸೆರಗಿಗೆ ಎರಡು ಪಿನ್ನು.

ಅರ್ಧ ತಾಸು ನುಡಿಸಿದೆ. ಎಡಗೈ ಈಗ ಹೇಳಿದ ಮಾತು ಕೇಳುತ್ತದೆ. ತಕರಾರು ಇರುವುದು ಉದ್ದ ಸುರದಲ್ಲಿ. "ವಿಠ್ಠ" ಅನ್ನುವಷ್ಟರಲ್ಲಿ ಗಾಳಿ ಖಲಾಸ್. "ಲ" ಬರಬೇಕಾದರೆ ತಿದಿ ಎಳೆಯಬೇಕು, ಎಳೆದರೆ ಅದೇ ಗುಂಡಿ ಬೇರೆ ಸುರ ಕೊಡುತ್ತದೆ. ಒತ್ತಿದಾಗ ಒಂದು, ಎಳೆದಾಗ ಇನ್ನೊಂದು... ಎರಡು ಕೈ ನಡುವೆ ಹಿಡಿದು ನುಡಿಸುವ ಈ ಕನ್ಸರ್ಟಿನಾದ ಹಟವೇ ಅದು. ಎರಡು ಸಾಲು, ಇಪ್ಪತ್ತು ಗುಂಡಿ, ನಲವತ್ತು ಸುರ. ನನ್ನದೆಲ್ಲ ಹೊರಸಾಲಿನಲ್ಲೇ ಸಂಸಾರ. ಒಳಸಾಲು ಮುಟ್ಟಿದ್ದು ಕಡಿಮೆ.

ಅಳ್ನಾವರದ ಶಾಲೆಯಲ್ಲಿ ಮಾಡಿದ ನೌಕರಿಯಿಂದ ನನಗೆ ಉಳಿದದ್ದು ಈ ಆರು ಮೂಲೆಯ ಪೆಟ್ಟಿಗೆಯೊಂದೇ. ಬಾಜೂ ಮನೆಯ ರೇಲ್ವೆ ಗಾರ್ಡನ ಹೆಂಡತಿ ಕಲಿಸಿದಳು, ಗೋವಾಕ್ಕೆ ಹೋಗುವಾಗ ಕೈಗಿಟ್ಟು ಹೋದಳು. ಅವಳ ಅಜ್ಜನದಂತೆ, ವಿಲಾಯತಿ ಮಾಲು. ನವಲಗುಂದಕ್ಕೆ ವರ್ಗವಾದಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟು ತಂದೆ.

ಹೀರಾಬಾಯಿ ಅಂಗಳದಿಂದ ಕೂಗಿದರು. "ವತ್ಸಲಾಬಾಯಿ, ಸಾಕ ಮಾಡ್ರಿ ಇನ್ನ. ಸಾಹೇಬ್ರು ಕೇಸು ಓದ್ಲಿಕ್ಕತ್ಯಾರ." ಅವರ ಗಂಡ ವಕೀಲರು ಈ ಹೊತ್ತಿಗೆ ಓದುವುದು ಪೇಪರು. ಆದರೂ ಈ ದೊಡ್ಡ ವಾಡೆ ಅವರದು, ಹಿಂದಿನ ಖೋಲಿಯ ಬಾಡಿಗೆದಾರಳು ನಾನು. ಮುಚ್ಚಿದೆ.


೧೩-೬-೭೪, ಗುರುವಾರ. ರಾತ್ರಿ ೮

ವಿಠ್ಠಲ ಗುಡಿಯ ಮಹಿಳಾ ಭಜನೆ. ಈ ಮಂಡಳಕ್ಕೂ ಹೀರಾಬಾಯಿಯೇ ಅಧ್ಯಕ್ಷರು.

ಅಣ್ಣಿಗೇರಿಯಿಂದ ದಿನಕರ ಮಾಸ್ತರರು ಹಾರ್ಮೋನಿಯಂ ಹೊತ್ತುಕೊಂಡು ಬಂದಿದ್ದರು. ಅವರು ಬರದ ವಾರ ನಾನೇ ನುಡಿಸುತ್ತೇನೆ, ಯಾರೂ ಚಕಾರ ಎತ್ತುವುದಿಲ್ಲ. ಅವರು ಬಂದ ವಾರ ಮಾತ್ರ ಎರಡು ಪೆಟ್ಟಿಗೆಗೂ ಜಗಳ ಹತ್ತುತ್ತದೆ. ಇವತ್ತು ಪದದ ನಡುವೆ ನಿಲ್ಲಿಸಿ ಎಲ್ಲರೆದುರು ಹೇಳಿದರು —

"ಬಾಯಾರ, ನಿಮ್ಮ ಪೆಟ್ಟಿಗಿ ಸುಳ್ಳ ಹೇಳ್ತದ."

ಹೆಂಗಸರು ನಕ್ಕರು. ಹೀರಾಬಾಯಿ ಎಲ್ಲರಿಗಿಂತ ಜಾಸ್ತಿ.

"ನಿಮ್ಮದು ಖರೆ ಹೇಳ್ತದ ಅಂತ ಯಾರ ಹೇಳ್ಯಾರ್ರಿ?" ಅಂದೆ.

ಮಾಸ್ತರರ ಕಿವಿ ಕೆಂಪಾದವು. ಅಂದದ್ದಕ್ಕೆ ಪಶ್ಚಾತ್ತಾಪ ಇಲ್ಲ.


೧೪-೬-೭೪, ಶುಕ್ರವಾರ

ಶಾಲೆ ಬಿಟ್ಟ ಮೇಲೆ ಪ್ರಾರ್ಥನೆಯ ಹಾರ್ಮೋನಿಯಂ ತೆಗೆದು ಬಾಗಿಲು ಹಾಕಿಕೊಂಡೆ. ನನ್ನ ಸಾ, ಅದರ ಸಾ, ಒಂದರ ಪಕ್ಕ ಒಂದು ಇಟ್ಟು ಕೇಳಿದೆ. ನನ್ನದು ಅದರ ಮೊದಲ ಬಿಳಿ ಪಟ್ಟಿ, ಬಿಳಿ ಒಂದಕ್ಕಿಂತ ಏರು. ಮಾಸ್ತರರು ಹಾಡುವ ಪಕ್ಕದ ಕರಿ ಪಟ್ಟಿ, ಕರಿ ಒಂದಕ್ಕಿಂತ ಇಳಿವು. ಎರಡರ ನಟ್ಟನಡುವೆ.

ಪೆಟ್ಟಿಗೆಯ ಎಲ್ಲ ಸುರವೂ ಅಷ್ಟಷ್ಟೇ ಏರು. ತಮ್ಮತಮ್ಮಲ್ಲಿ ಅವಕ್ಕೆ ಏನೂ ತಂಟೆ ಇಲ್ಲ. ಇದನ್ನು ಸುಳ್ಳು ಅನ್ನುವುದು ಹೇಗೆ?


೧೭-೬-೭೪, ಸೋಮವಾರ

ಹಿತ್ತಲ ಗೋಡೆಯಾಚೆ ಅಮೀರಬಿಯ ಮಗ್ಗ. ಜಮಖಾನಿ ನೇಯುತ್ತಾಳೆ. ನಾನು ನುಡಿಸುವುದು ಅವಳಿಗೆ ಗೋಡೆಯಿಂದ ಕೇಳುತ್ತದೆ. ನಡೆದದ್ದು ಹೇಳಿದೆ. ನೂಲು ಬಿಡದೆ ಕೇಳಿದಳು.

"ಬ್ಯಾರೆ ಬ್ಯಾರೆ ದಿನ ಬಣ್ಣಕ್ಕ ಅದ್ದಿದ ಎರಡ ಕೆಂಪ ನೂಲ ಬಾಜೂಕ ಬಾಜೂ ಹಚ್ಚಿದ್ರ ಎರಡೂ ಕೆಟ್ಟ ಕಾಣ್ತಾವ್ರಿ ಬಾಯಾರ. ಬ್ಯಾರೆ ಬ್ಯಾರೆ ಜಮಖಾನಿಗೆ ಹಚ್ಚಿದ್ರ ಎರಡೂ ಚಲೋನ."

ಇಷ್ಟು ಸೀದಾ ಮಾತು ಮಾಸ್ತರರ ತಲೆಗೆ ಯಾಕೆ ಹೊಳೆಯಲಿಲ್ಲ.


೨೦-೬-೭೪, ಗುರುವಾರ. ಸಂಜೆ

ಹೀರಾಬಾಯಿ ತುಳಸಿ ಕಟ್ಟೆಯ ಹತ್ತಿರ ನಿಲ್ಲಿಸಿಕೊಂಡು ತೀರ್ಪು ಕೊಟ್ಟರು. ಮೂವತ್ತಕ್ಕೆ ಆಷಾಢ ಏಕಾದಶಿ. ತಾಲೂಕಿನ ಅಧಿಕಾರಿ ಮಾಮಲೇದಾರರ ಹೆಂಡತಿ ಬರುವವರಿದ್ದಾರೆ.

"ಹುಬ್ಬಳ್ಳ್ಯಾಗ ಇಮಾಮುದ್ದೀನ ಅಂತ ಪೆಟ್ಟಿಗಿ ದುರಸ್ತಿ ಮಾಡವ ಇದ್ದಾನ. ಮಾಸ್ತರ ಪತ್ತಾ ಕೊಟ್ಟಾರ. ಅರಾ ಹಚ್ಚಿ ತಿಕ್ಕಿ ಕರಿ ಒಂದಕ್ಕ ಕೂಡಸ್ತಾನ. ಮಾಡಿಸ್ಕೊಂಡ ಬರ್ರಿ. ಇಲ್ಲಾಂದ್ರ ಪೆಟ್ಟಿಗಿ ಮನ್ಯಾಗ ಇಟ್ಟು ತಾಳ ಹಿಡೀರಿ."

ತಾಳ. ಇಲ್ಲಿಗೆ ಬಂದ ಮೊದಲ ವರ್ಷವೆಲ್ಲ ಹಿಡಿದದ್ದು ಅದನ್ನೇ.

ನನಗೆ ಮೂವತ್ತೆಂಟು. ಅಳ್ನಾವರದಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ನುಡಿಸಿದೆ. ಇನ್ನೊಬ್ಬರ ದನಿಯ ಜೊತೆ ನುಡಿಸುವ ಸುಖ ಗೊತ್ತಾದದ್ದು ಈ ಮಂಡಳದಲ್ಲಿ. ಹದಿನೆಂಟು ಹೆಂಗಸರು ಒಟ್ಟಿಗೆ ಉಸಿರು ತೆಗೆದುಕೊಂಡಾಗ ನನ್ನ ತಿದಿಯೂ ತೆರೆದುಕೊಳ್ಳುತ್ತದಲ್ಲ, ಅದು ನನಗೆ ಬೇಕು. ಅದನ್ನು ಬಿಡಲಾರೆ. ಪೆಟ್ಟಿಗೆಯನ್ನೂ ಬಿಡಲಾರೆ.


೨೩-೬-೭೪, ರವಿವಾರ

ಹುಬ್ಬಳ್ಳಿಗೆ ಹೋಗಿ ಬಂದೆ. ಇಮಾಮುದ್ದೀನ ವಯಸ್ಸಾದ ಮನುಷ್ಯ, ಮೂಗಿನ ತುದಿಗೆ ಚಾಳೀಸು. ಸ್ಕ್ರೂ ಬಿಚ್ಚಿ ಒಳಗೆ ನೋಡಿದ. ಒಳಗೆ ಸಣ್ಣ ಸಣ್ಣ ಉಕ್ಕಿನ ನಾಲಿಗೆಗಳು, ರೀಡು ಅನ್ನುತ್ತಾರೆ. ಒಂದೊಂದು ಸುರಕ್ಕೆ ಒಂದೊಂದು.

"ಇದಕ್ಕೇನ ರೋಗ ಇಲ್ರಿ. ಹಳೇ ವಿಲಾಯತಿ ಪೆಟ್ಟಿಗಿ. ಆವಾಗಿನ ಸುರ ಒಂದೀಟು ಏರ ಇರ್ತಿತ್ತು."

"ಕರಿ ಒಂದಕ್ಕ ಕೂಡಸ್ರಿ."

"ಕೂಡಸಬಹುದು. ರೀಡಿನ ತುದಿಗೆ ಅರಾ ಹಚ್ಚಿದ್ರ ಸುರ ಏರ್ತೈತಿ. ಆದ್ರ ತೆಳ್ಳಗ ಆಕ್ಕೈತಿ. ದನಿ ಸ್ವಲ್ಪ ಒಣಗತೈತಿ. ಮತ್ತ ಒಂದ ಸಲ ಅರಾ ಹಚ್ಚಿದ್ದು ಹೊಳ್ಳಿ ಬರೂದಿಲ್ರಿ. ವಿಚಾರ ಮಾಡ್ರಿ."

ವಿಚಾರ ಮಾಡಲಿಲ್ಲ. ಇಟ್ಟು ಬಂದೆ. ಶುಕ್ರವಾರ ಕೊಡುತ್ತಾನೆ.


೨೫-೬-೭೪, ಮಂಗಳವಾರ

ಟ್ರಂಕಿನಲ್ಲಿ ಜಾಗ ಖಾಲಿ. ಬೆಳಿಗ್ಗೆ ಆರಕ್ಕೆ ಎದ್ದು ಏನು ಮಾಡಬೇಕೋ ತಿಳಿಯದೆ ಕೂತೆ. ಹೀರಾಬಾಯಿ ಬಂದು "ಇವತ್ತ ಎಷ್ಟ ಶಾಂತ ಅದ ನೋಡ್ರಿ" ಅಂದರು.

ನಾಲ್ಕನೇ ಇಯತ್ತೆಗೆ ಭಾಗಾಕಾರ ಹೇಳಿಕೊಡುವಾಗ ಬೆರಳು ಟೇಬಲ್ ಮೇಲೆ ತಾವಾಗಿ ಓಡಾಡುತ್ತಿದ್ದವು. ಹಲಗೆಗೆ ತಿರುಗಿದೆ, ಕಣ್ಣಲ್ಲಿ ನೀರು. ಸೀಮೆಸುಣ್ಣದ ಧೂಳು ಅಂದೆ.

ಮಾಡಿದ್ದು ತಪ್ಪು. ಅವರ ನಗೆಗೆ ಹೆದರಿ ಮಾಡಿದ್ದು. ನಾಳೆ ಸಿ.ಎಲ್. ಹಾಕಿ ಹುಬ್ಬಳ್ಳಿಗೆ ಹೋಗುತ್ತೇನೆ.


೨೬-೬-೭೪, ಬುಧವಾರ. ೧೦-೪೦, ಬಸ್ಸಿನಲ್ಲಿ

ಬೆಣ್ಣೆಹಳ್ಳ ತುಂಬಿ ಬಂದಿದೆ. ರಸ್ತೆಯ ಮೇಲೆ ಕೆಂಚು ನೀರು. ಬಸ್ ನಿಂತು ಒಂದು ತಾಸಾಯಿತು. ಕಂಡಕ್ಟರ್ ಬೀಡಿ ಸೇದುತ್ತ ನೀರು ನೋಡುತ್ತಿದ್ದಾನೆ, ನೋಡಿದರೆ ಇಳಿಯುತ್ತದೇನೋ ಎಂಬಂತೆ. ಇಮಾಮುದ್ದೀನ ಹತ್ತಕ್ಕೆ ಅಂಗಡಿ ತೆಗೆಯುತ್ತಾನೆ.

೧೧-೧೫. ಇನ್ನೂ ಇಲ್ಲ.

೧೧-೫೦. ಮೊಣಕಾಲುದ್ದಕ್ಕೆ ಇಳಿದಿದೆಯಂತೆ. ಆಚೆ ಬೇರೆ ಬಸ್ ನಿಂತಿದೆ. ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತೇನೆ.


ಅದೇ ದಿನ. ಸಂಜೆ ೭

ಅವನ ಮೇಜಿನ ಮೇಲೆ ಪೆಟ್ಟಿಗೆ ಎರಡು ಹೋಳಾಗಿ ಬಿದ್ದಿತ್ತು. ಅರ ಕೈಯಲ್ಲಿತ್ತು.

"ನಿಲ್ಲಸ್ರಿ" ಅಂದೆ. ಸೀರೆಯ ಅಂಚಿಗೆಲ್ಲ ಎರೆಮಣ್ಣು. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಒಂದ ಆಗೇತ್ರಿ. ನಡೂ ಸಾ. ಎಲ್ಲಾರೂ ಅಲ್ಲಿಂದನ ಚಾಲೂ ಮಾಡ್ತಾರ."

ಕೂಡಿಸಿ ಕೊಟ್ಟ. ಒತ್ತಿದೆ. ಸಾ ಬೇರೆ ಊರಿನದು, ರೀ ಗಾ ನನ್ನವು. ನಾನೇ ಕೊಟ್ಟು ಹೋಗಿದ್ದಲ್ಲವೇ, ಯಾರನ್ನು ಬೈಯಲಿ.

"ಕೆಳಗ ಇಳಸಾಕ ಬರೂದಿಲ್ಲೇನ್ರಿ?"

"ಬುಡಕ್ಕ ತಿಕ್ಕಿ ಇಳಸಬಹುದು. ಆಮ್ಯಾಲೆ ಅದು ಎಂದ ಮುರೀತೈತಿ ಹೇಳಾಕ ಬರೂದಿಲ್ಲ. ಒಳಗಿನ ಸಾಲಿಗೆ ನಾ ಕೈ ಹಚ್ಚಿಲ್ರಿ. ಅದರ ರೀಡ ಎಲ್ಲಾ ಬ್ಯಾರೆ ಅದಾವ."

ಹಾಗೇ ತಂದೆ. ಹೊರಸಾಲಿನ ಸಾ ಈಗ ಮಾಸ್ತರರದು. ಉಳಿದ ಮೂವತ್ತೊಂಬತ್ತು ನನ್ನವು.


೨೭-೬-೭೪, ಗುರುವಾರ. ಬೆಳಿಗ್ಗೆ ೮

ಐದಕ್ಕೇ ಎದ್ದು ಒಳಸಾಲು ಹಿಡಿದೆ. ಬೆರಳುಗಳು ಹೊಸ ಸೊಸೆಯರ ಹಾಗೆ ತಡವರಿಸಿದವು. ಇಲ್ಲಿಯ ಸಾ ಬಹಳ ಎತ್ತರ — ಹಳೆಯ ಪಾ ಇದ್ದಲ್ಲಿ ಸಾ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದಕ್ಕೂ ಕರಿ ನಾಲ್ಕಕ್ಕೂ ನಡುವೆ. ಮತ್ತೆ ನಡುವೆಯೇ. ಇರಲಿ.

ಆರೂವರೆಗೆ ಸಾವಕ್ಕ ಬೆಣ್ಣೆ ತಂದಳು. ಕುರಿಕಾರರ ಮನೆಯವಳು, ಭಜನೆಗೆ ಬರುತ್ತಾಳೆ, ಕಂಬದ ಆಚೆ ಕೂಡುತ್ತಾಳೆ. ಅವಳ ದನಿ ಒರಟು, ಗಂಟಲಲ್ಲೇ ಗುರುಗುಟ್ಟುತ್ತದೆ ಅಂತ ಹೀರಾಬಾಯಿ ಬೈಯುತ್ತಿರುತ್ತಾರೆ. ಹೊಸಿಲ ಹೊರಗೆ ಕೂತು ಕೇಳಿದಳು. ಕೇಳುತ್ತ ಕೇಳುತ್ತ ತಾನೂ ಪದ ಎತ್ತಿಕೊಂಡಳು.

ನಾನು ನುಡಿಸುವುದನ್ನು ಬಿಟ್ಟೆ. ಮೂರು ವರ್ಷ ಈ ದನಿಯನ್ನು ಕೇಳಿಯೇ ಇರಲಿಲ್ಲ. ಒಂದು ಚೂರೂ ಒರಟಿಲ್ಲ.

"ಸಾವಕ್ಕ, ಗುಡ್ಯಾಗ ಹಿಂಗ್ಯಾಕ ಹಾಡೂದಿಲ್ಲ?"

"ಹೆಂಗ ಹಾಡ್ಲಿ ಬಾಯಾರ. ಮಾಸ್ತರ ಪೆಟ್ಟಿಗಿ ಗಂಡಸರ ಕುತ್ತಿಗಿಗೆ ಕೂಡಸ್ಯಾರ. ಅದಕ್ಕ ಹಾಡೂದಂದ್ರ ಬಾವ್ಯಾಗ ಇಳದಂಗ ಆಕ್ಕೈತಿ."

ಅಲ್ಲಿಗೆ ತಿಳಿಯಿತು. ಕರಿ ಒಂದು ಮಾಸ್ತರರ ಸ್ವಂತ ಸುರ. ಹದಿನೆಂಟು ಹೆಂಗಸರು ಇಷ್ಟು ವರ್ಷ ಒಬ್ಬ ಗಂಡಸಿನ ಗಂಟಲಿಗೆ ಹಾಡುತ್ತ ಬಂದಿದ್ದಾರೆ. ನಾನೂ ಅದಕ್ಕೇ ಪೆಟ್ಟಿಗೆ ತಿಕ್ಕಿಸಲು ಹೋಗಿದ್ದೆ. ಸಿಟ್ಟು ಬಂದಿದೆ, ಚಹಾ ಕುಡಿದರೂ ಇಳಿದಿಲ್ಲ. ಇವತ್ತಿನ ಭಜನೆಗೆ ಹೋಗುವುದಿಲ್ಲ.


೩೦-೬-೭೪, ಏಕಾದಶಿ. ರಾತ್ರಿ ೯

ಬರೆದಿಡುತ್ತೇನೆ, ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಗುಡಿ ತುಂಬಿತ್ತು. ಮಾಮಲೇದಾರರ ಹೆಂಡತಿ ಕುರ್ಚಿಯಲ್ಲಿ. ಹೀರಾಬಾಯಿ ನನ್ನ ಚೀಲ ನೋಡಿ "ರಿಪೇರಿ ಆತೇನ್ರಿ?" ಅಂದರು. "ಇಲ್ರಿ. ಬ್ಯಾಡ ಅಂತ ಹೊಳ್ಳಿ ತಂದೆ" ಅಂದೆ. ತಾಳ ಕೈಗಿಟ್ಟರು. ತಾಳವನ್ನು ಕೆಳಗಿಟ್ಟೆ.

ಮಾಸ್ತರರು ಎರಡು ಪದ ಮುಗಿಸಿದರು. ಮೂರನೆಯದಕ್ಕೆ ತಿದಿ ಒತ್ತುವಷ್ಟರಲ್ಲಿ ಎದ್ದು ನಿಂತೆ.

"ಮಾಸ್ತರ, ಒಂದ ಪದಕ್ಕ ನಿಮ್ಮ ಪೆಟ್ಟಿಗಿ ಮುಚ್ಚರಿ."

"ಯಾಕ್ರಿ?"

"ಎರಡೂ ಕೂಡೂದಿಲ್ಲ. ನೀವು ಎರಡು ನುಡಿಸೀರಿ. ಇದು ನಂದು."

"ದೇವರ ಮುಂದ ಸುಳ್ಳ ಸುರ ಹಚ್ಚತೀರಿ?"

"ಹೆಂಗಸರ ಸುರ ಹಚ್ತೇನ್ರಿ" ಅಂದು ಕೂತೆ.

ಒಳಸಾಲಿನ ಸಾ ಒತ್ತಿದೆ, ಹಿಡಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ತಿದಿ ಮುಗಿಯುತ್ತ ಬಂತು. ಇನ್ನು ನಾಲ್ಕು ಬೆರಳು ಗಾಳಿ. ಈ ಊರು ಬಿಡಬೇಕಾಗುತ್ತದೆ ಅಂದುಕೊಂಡೆ. ಆಗ ಕಂಬದ ಆಚೆಯಿಂದ ಸಾವಕ್ಕ ಎತ್ತಿದಳು. ಗುಡಿಯ ಮಾಡು ಹಾರುವಂಥ ದನಿ. ಮಾಮಲೇದಾರರ ಹೆಂಡತಿ ತಿರುಗಿ ನೋಡಿದರು. ಆಮೇಲೆ ಹೂವು ಮಾರುವ ಸಣ್ಣವ್ವ. ಆಮೇಲೆ ಒಬ್ಬೊಬ್ಬರೇ. ಎಣಿಸಿದೆ, ಹನ್ನೊಂದು. ಏಳು ಜನ ಬಾಯಿ ಮುಚ್ಚಿಕೊಂಡೇ ಇದ್ದರು, ಹೀರಾಬಾಯಿ ಅವರಲ್ಲಿ ಮೊದಲಿನವರು.

ಮಾಸ್ತರರನ್ನು ಓರೆಗಣ್ಣಿನಲ್ಲಿ ನೋಡಿದೆ. ಮೆಲ್ಲಗೆ ಬಿಳಿ ಐದು ಒತ್ತಿ ಕೇಳಿದರು, ಕೂಡಲಿಲ್ಲ. ಕರಿ ನಾಲ್ಕು ಒತ್ತಿದರು, ಕೂಡಲಿಲ್ಲ. ಮತ್ತೆ ಬಿಳಿ ಐದು. ಕಡೆಗೆ ಕೈ ಮಡಿಲಲ್ಲಿ ಇಟ್ಟುಕೊಂಡರು. ಪ್ರಸಾದಕ್ಕೂ ನಿಲ್ಲದೆ ಬಸ್ ಹಿಡಿದರು.

ಖುಷಿಯಾಗಿದೆ. ಇಷ್ಟು ಖುಷಿ ನೌಕರಿ ಆರ್ಡರ್ ಬಂದಾಗಲೂ ಆಗಿರಲಿಲ್ಲ.


೧-೭-೭೪, ಸೋಮವಾರ

ಬೆಳಿಗ್ಗೆ ಬಾಗಿಲಲ್ಲಿ ಹೀರಾಬಾಯಿ. ಒಳಗೆ ಬರಲಿಲ್ಲ.

"ಮಂಡಳದಾಗ ನಿಮ್ಮ ಹೆಸರ ತಗದೇನಿ. ಆ ಸಾವಕ್ಕಂದೂ. ಇನ್ನ ಮ್ಯಾಲೆ ಆ ಪೆಟ್ಟಿಗಿ ನನ್ನ ವಾಡೇದಾಗ ನುಡೀಬಾರದು."

"ವಾಡೇದ ಹೊರಗ ನುಡದ್ರ?"

"ಹೊರಗ ಯಾರ ಬರ್ತಾರ ನಿಮ್ಮ ಜೋಡಿ?"

ಅಂದು ತಿರುಗಿ ಹೋದರು.

ಸಂಜೆ ಸಂತೆಯಲ್ಲಿ ಸಣ್ಣವ್ವನಿಗೆ ಹೇಳಿದೆ: ಗುರುವಾರ ಐದಕ್ಕೆ, ವಾಡೆಯ ಮುಂದಿನ ಬೇವಿನ ಕಟ್ಟೆ. ಅದು ಮುನಸಿಪಾಲ್ಟಿಯದು. ಬರುವವರು ಬರಲಿ. "ನೋಡೂಣ್ರಿ" ಅಂದಳು, ಹೂವು ಕಟ್ಟುತ್ತ, ಮುಖ ಎತ್ತದೆ. ಸಾವಕ್ಕನ ಮನೆಗೂ ಹೋಗಿದ್ದೆ. ಬೀಗ.


೪-೭-೭೪, ಗುರುವಾರ. ೫-೦೫, ಬೇವಿನ ಕಟ್ಟೆ

ಕೂತಿದ್ದೇನೆ. ಪೆಟ್ಟಿಗೆ ಮಡಿಲಲ್ಲಿ, ಬರೆಯುವ ವಹಿ ಅದರ ಮೇಲೆ. ಗುಡಿಯಲ್ಲಿ ಹಾರ್ಮೋನಿಯಂ ಚಾಲೂ ಆಯಿತು. ಕರಿ ಒಂದು. ಹೀರಾಬಾಯಿಯ ಅತ್ತೆ ಮಾಳಿಗೆಯ ಕಿಟಕಿಯಿಂದ ನೋಡುತ್ತಿದ್ದಾರೆ. ನೋಡಲಿ.

೫-೧೫. ಯಾರೂ ಇಲ್ಲ. ಹೆಡ್‌ಮಾಸ್ತರರು ಸೈಕಲ್ ಮೇಲೆ ಹೋದರು. ನಮಸ್ಕಾರ ಮಾಡಿದೆ. ಗಡಬಡಿಸಿ ಗಂಟೆ ಬಾರಿಸಿದರು.

೫-೩೦. ಯಾರೂ ಇಲ್ಲ. ಬೇಜಾರಾಗಿದೆ, ಸುಳ್ಳು ಯಾಕೆ ಬರೆಯಲಿ. ಆದರೂ ಎದ್ದು ಹೋಗುವವಳಲ್ಲ. ಇನ್ನು ಹತ್ತು ನಿಮಿಷ ನೋಡಿ ಒಬ್ಬಳೇ ಶುರು ಮಾಡುತ್ತೇನೆ. ಪ್ರತಿ ಗುರುವಾರ ಮಾಡುತ್ತೇನೆ. ಮಳೆ ಬಂದರೆ ಕೊಡೆ ಹಿಡಿಯಲು ಕೈ ಇಲ್ಲ, ನೆನೆಯುತ್ತೇನೆ.

೫-೩೫. ಓಣಿಯ ತಿರುವಿನಲ್ಲಿ ಸಾವಕ್ಕನ ದನಿ. ಆಳು ಇನ್ನೂ ಕಾಣಿಸುವುದಿಲ್ಲ. ನನ್ನ ಪೆಟ್ಟಿಗೆಗೆ ಕಾಯದೆ ತಾನೇ ಎತ್ತಿಕೊಂಡು ಬರುತ್ತಿದ್ದಾಳೆ. ಒಳಸಾಲಿನ ಗುಂಡಿ ಮೆಲ್ಲಗೆ ಒತ್ತಿ ನೋಡಿದೆ. ಅದೇ. ಒಂದು ಎಳೆಯಷ್ಟೂ ಆಚೆ ಈಚೆ ಇಲ್ಲ. ಊರಿನ ಯಾವ ಹಾರ್ಮೋನಿಯಂನಲ್ಲೂ ಸಿಗದ ಸುರ, ನಾಲ್ಕು ದಿನ ಗಂಟಲಲ್ಲೇ ಇಟ್ಟುಕೊಂಡು ಕುರಿಯ ಹಿಂದೆ ತಿರುಗಿದ್ದಾಳೆ.

ಒಬ್ಬಳೇ ಅಲ್ಲ. ಹಿಂದೆ ಇನ್ನೂ ದನಿ ಇವೆ. ಒಂದು ಸಣ್ಣವ್ವನದು, ಇನ್ನೊಂದು... ಬೇರೆಯವೂ ಇವೆ, ಎಷ್ಟೆಂದು ಆಮೇಲೆ ಬರೆಯುತ್ತೇನೆ, ಈಗ ಎರಡು ಕೈಯೂ ಪೆಟ್ಟಿಗೆಗೆ ಬೇಕು.