ಸೀಸೆಗಳು ಸುಮ್ಮನಿದ್ದ ದಿನ

ಅಪ್ಪಾ,

ಅಂಗಡಿಯಲ್ಲಿ ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ನಿನ್ನ ಕೈಯಲ್ಲಿ ಕತ್ತರಿ, ಕುರ್ಚಿಯಲ್ಲಿ ಗಿರಾಕಿ, ಬೆಂಚಿನ ಮೇಲೆ ಪೇಪರ್ ಓದುವ ಜನ. ಅವರೆಲ್ಲರ ಮುಂದೆ ಹೇಳುವ ಮಾತು ಇದಲ್ಲ. ಅದಕ್ಕೇ ಕಾಗದ.

ಊರಿನಲ್ಲಿ ನೆಲ ಗುಡುಗಲು ಶುರುವಾದಾಗ ನಾನು ಹಾಸ್ಟೆಲಿನಲ್ಲಿದ್ದೆ. ಭೂಮಿಯೊಳಗೆ ಯಾರೋ ದೊಡ್ಡ ಡ್ರಮ್ಮು ಉರುಳಿಸಿದಂಥ ಸದ್ದು, ಅದರ ಹಿಂದೆಯೇ ಸಣ್ಣ ನಡುಕ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಆಫೀಸರುಗಳು ಬಂದು ಮಷೀನು ಇಟ್ಟು, ಕಾರಣ ಗೊತ್ತಿಲ್ಲ, ಗಾಬರಿ ಬೇಡ ಎಂದು ಹೋದರಂತೆ. ನೀನು ಮಾತ್ರ, "ನೆಲಕ್ಕೆ ಗ್ಯಾಸ್ಟ್ರಿಕ್ ಕಣೇ, ಹೊಟ್ಟೆ ಗುಡುಗುಡು ಅಂತಿದೆ" ಎಂದು ನಕ್ಕೆ. ಗೂಗಲ್ ಮಾಡಿ ಮಾಡಿ ಟೆನ್ಷನ್ ಆಗಿದ್ದ ನಾನೂ ನಕ್ಕೆ.

ರಜೆಗೆ ಬಂದಾಗ ಕಣ್ಣಾರೆ ಕಂಡೆ. ಕನ್ನಡಿಯ ಕೆಳಗಿನ ಲೋಷನ್ ಸೀಸೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದ ಕೂಡಲೇ ನೀನು ಗಿರಾಕಿಯ ಕುತ್ತಿಗೆಯಿಂದ ರೇಜರ್ ಎತ್ತಿ, ಸದ್ದು ನಿಲ್ಲುವವರೆಗೆ ಗಾಳಿಯಲ್ಲಿ ಹಿಡಿದು ನಿಲ್ಲುತ್ತಿದ್ದೆ. ಅವನೂ ಉಸಿರು ಬಿಗಿಹಿಡಿಯುತ್ತಿದ್ದ. ಆಮೇಲೆ ಏನೂ ಆಗದವರಂತೆ ಮತ್ತೆ ಶೇವಿಂಗ್, ಮತ್ತೆ ಹರಟೆ. ಊರಿಗೆ ಊರೇ ಹಾಗೆ ಒಗ್ಗಿಹೋಗಿತ್ತು.

ಆದರೆ ಡ್ರಾಯಿಂಗ್ ಮೇಷ್ಟ್ರ ಕಿವಿಯ ಹತ್ತಿರ ಗಾಯವಾದ ದಿನ ನಾನು ಬೆಂಚಿನ ಮೇಲೇ ಕೂತಿದ್ದೆ. "ನಾನಲ್ಲ ಮೇಷ್ಟ್ರೇ, ನೆಲ" ಎಂದೆ ನೀನು. "ಹಂಗಾದ್ರೆ ದುಡ್ಡೂ ನೆಲಕ್ಕೇ ಕೊಡ್ತೀನಿ ಬಿಡಪ್ಪ" ಎಂದರು ಅವರು. ಎಲ್ಲರೂ ನಕ್ಕರು. ಅಪ್ಪಾ, ಆಗ ಸೀಸೆಗಳು ಸುಮ್ಮನಿದ್ದವು. ಬಟ್ಟಲಿನ ನೀರು ಕದಲಿರಲಿಲ್ಲ. ನಡುಗುತ್ತಿದ್ದದ್ದು ನಿನ್ನ ಬಲಗೈ. ನೀನು ಅದನ್ನು ಟವೆಲಿನಡಿ ಸೇರಿಸಿಬಿಟ್ಟೆ.

ಅಮ್ಮ ಈಗ ನಿನಗೆ ಅರ್ಧ ಲೋಟ ಟೀ ಕೊಡುತ್ತಾಳೆ. "ಆರಿಹೋಗುತ್ತೆ, ಎರಡು ಸಲ ಬಿಸಿಬಿಸಿ ಕುಡೀರಿ" ಎನ್ನುತ್ತಾಳೆ. ಅವಳಿಗೂ ಗೊತ್ತಿರಬೇಕು. ಮನೆಮಂದಿಯೆಲ್ಲ ಸೇರಿ ಎಲ್ಲವನ್ನೂ ನೆಲದ ತಲೆಗೆ ಕಟ್ಟುತ್ತಿದ್ದೇವೆ. ನನ್ನದಂತೂ ಇನ್ನೂ ಕೆಟ್ಟ ಕಥೆ. ವಿಡಿಯೋ ಕಾಲಿನಲ್ಲಿ ನಿನ್ನ ಗಲ್ಲದ ಮೇಲೆ ರೇಜರಿನ ಹೊಸ ಗಾಯ ಕಂಡರೆ ಸಾಕು, ಊರಿನ ವಾಟ್ಸಾಪ್ ಗ್ರೂಪ್ ತೆರೆದು ಅವತ್ತು ನೆಲ ನಡುಗಿದೆಯಾ ಎಂದು ಹುಡುಕುತ್ತೇನೆ. ಜನ ಹೆದರಿ ರಸ್ತೆಗೆ ಓಡಿ ಬಂದ ಸುದ್ದಿ ಓದಿ, ಸದ್ಯ, ನೆಲವೇ ಎಂದು ಉಸಿರು ಬಿಡುವವಳು ಎಂಥ ಮಗಳು?

ಈ ವಾರ ಒಂದು ಸಲವೂ ನಡುಗಿಲ್ಲ ಎಂದು ಗ್ರೂಪಿನಲ್ಲಿ ಎಲ್ಲರೂ ಖುಷಿಯಾಗಿದ್ದಾರೆ. ನಿನ್ನ ಗಲ್ಲದ ಮೇಲೆ ಎರಡು ಗಾಯಗಳಿವೆ.

ಶನಿವಾರ ಬರುತ್ತಿದ್ದೇನೆ. ನರದ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ. ಅವರು ಏನು ಹೇಳುತ್ತಾರೋ ಎಂದು ನಿನಗಿಂತ ಹೆಚ್ಚು ಭಯ ನನಗೆ. ರೇಜರ್ ಕೆಳಗಿಟ್ಟ ಮೇಲೆ ನೀನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತೀಯ ಎಂದು ದಿನವೂ ಯೋಚಿಸುತ್ತೇನೆ. ಆದರೂ ಡಾಕ್ಟರು ನೋಡುವವರೆಗೆ ಯಾರ ಕುತ್ತಿಗೆಗೂ ಅದನ್ನು ಇಡಬೇಡ. ಬರೀ ಕಟಿಂಗ್ ಎಂದು ಬೋರ್ಡ್ ಹಾಕು. ಕೇಳಿದವರಿಗೆ ನೆಲದ ಹೆಸರು ಹೇಳು, ಪರವಾಗಿಲ್ಲ. ನನಗೆ ಮಾತ್ರ ಹೇಳಬೇಡ.

ಇದನ್ನು ಓದುವಾಗ ಕಾಗದ ಅಲ್ಲಾಡಿದರೆ, ಟೇಬಲ್ಲಿನ ಮೇಲಿಟ್ಟು ಓದು.

ನಿನಗೂ ನಿನ್ನ ಕಾಲಡಿಯ ನೆಲಕ್ಕೂ ಒಳ್ಳೆಯದಾಗಲಿ.

ನಿನ್ನ ಪುಕ್ಕಲಿ ಮಗಳು