ಬಾಗಿಲು ತೆಗೆದವರು

ಕುಪ್ಪಗಡ್ಡೆ
27 ಏಪ್ರಿಲ್ 2025, ಭಾನುವಾರ

ಚಿ. ಸೌ. ಗಂಗಾಶ್ರೀಗೆ,

ಸರ್ವಮಂಗಳಳ ಆಶೀರ್ವಾದಗಳು. ಚಿ. ಸೌ. ಎಂದೇ ಬರೆದಿದ್ದೇನೆ. ಗಂಡ ಹೋದವಳಿಗೆ ಹಾಗೆ ಬರೆಯಬಾರದು ಅನ್ನುವವರು ಈ ಕಾಗದ ಓದುವುದಿಲ್ಲವಲ್ಲ. ನೀನು ಶಿಕಾರಿಪುರದಿಂದ ಯುಗಾದಿಗೆ ಫೋನು ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. ಬೇಜಾರು ಮಾಡಿಕೊಳ್ಳಬೇಡ ಮಗಳೇ. ನಿನ್ನ ಧ್ವನಿ ಕೇಳಿದರೆ ಮಗನೇ ಕಣ್ಣ ಮುಂದೆ ಬರುತ್ತಾನೆ. ಅದಕ್ಕೇ ಬರೆಯೋಣ ಅಂದುಕೊಂಡೆ. ಅಂದುಕೊಂಡೇ ಇಷ್ಟು ದಿನ ಕಳೆದುಹೋಯಿತು.

ಇಲ್ಲಿ ಬಿಸಿಲು ಜಾಸ್ತಿ. ಕೆರೆಯಲ್ಲಿ ನೀರು ಹಿಂದೆ ಸರಿದಿದೆ. ನನ್ನ ಮೊಣಕಾಲು ನೋವು ಹಾಗೇ ಇದೆ. ನಿನ್ನ ಮಾವನವರ ವಿಷಯ ಬರೆಯಲೆಂದೇ ಕೂತಿದ್ದೇನೆ.

ನಮ್ಮ ಮಗ ಸಿದ್ಧಲಿಂಗೇಶ ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ. ಆವತ್ತಿನಿಂದ ಅವರು ಊರು ಬಿಟ್ಟು ಎಲ್ಲೂ ಹೋಗಿರಲಿಲ್ಲ, ನಿನಗೆ ಗೊತ್ತಿದೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವರು ಪೇಪರು ಓದುವುದನ್ನೂ ಬಿಟ್ಟಿದ್ದರು. ಈಚೆಗೆ ಪ್ರದೀಪ್ ಮನೆಗೆ ಬಂದಿದ್ದ. ಅವರ ಹಳೆ ವಿದ್ಯಾರ್ಥಿ, ಈಗ ಅವನೂ ಮೇಷ್ಟ್ರು. ಆನವಟ್ಟಿಯಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ ಮಾಡುತ್ತಿದ್ದನಂತೆ. "ಸರ್, ಏಪ್ರಿಲ್ ಹನ್ನೆರಡಕ್ಕೆ ಗಗಾರಿನ್ ಮೇಲೆ ಹೋದ ದಿನ. ಮನುಷ್ಯ ಆಕಾಶಕ್ಕೆ ಹೋದ ಕಥೆ ನಿಮ್ಮ ಬಾಯಲ್ಲೇ ಕೇಳಬೇಕು. ನಮಗೆ ಹೇಳ್ತಿದ್ರಲ್ಲ, ಹಾಗೇ ಹೇಳಿ ಸಾಕು" ಅಂದ. ಇವರು "ಆಗಲ್ಲಪ್ಪ" ಅಂದು ಒಳಗೆ ಹೋಗಿಬಿಟ್ಟರು. ಅವನು ಕಾಫಿ ಕುಡಿದು ಎದ್ದ.

ಹನ್ನೆರಡನೇ ತಾರೀಖು ಬೆಳಿಗ್ಗೆ ನೋಡುತ್ತೇನೆ, ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಾರೆ. "ಎಲ್ಲಿಗ್ರೀ?" ಅಂದೆ. "ಆನವಟ್ಟಿಗೆ. ನೀನೂ ಬಾ" ಅಂದರು. ಇಬ್ಬರೂ ಬಸ್ಸು ಹತ್ತಿದೆವು.

ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಅವರು ಮಕ್ಕಳ ಮುಂದೆ ಎದ್ದು ನಿಂತರು. ಲೈಕಾ ಅನ್ನೋ ನಾಯಿಯಿಂದ ಶುರು ಮಾಡಿದರು. ಬೀದಿಯಲ್ಲಿದ್ದ ನಾಯಿಯನ್ನು ಹಿಡಿದು ಮೇಲೆ ಕಳಿಸಿದರಂತೆ, ವಾಪಸ್ ಕರೆತರುವ ಏರ್ಪಾಡೇ ಇರಲಿಲ್ಲವಂತೆ. ಸೆಕೆ ತಡೆಯಲಾರದೆ ಕೆಲವೇ ಗಂಟೆಯಲ್ಲಿ ಸತ್ತಿತಂತೆ. ಆ ನಿಜವನ್ನು ಎಷ್ಟೋ ವರ್ಷ ಯಾರಿಗೂ ಹೇಳಲಿಲ್ಲವಂತೆ. ಆಮೇಲೆ ಗಗಾರಿನ್. ಭೂಮಿಗೆ ಒಂದು ಸುತ್ತು ಹಾಕಿ, ನೌಕೆಯಿಂದ ಹೊರಗೆ ಹಾರಿ, ಪ್ಯಾರಾಚೂಟಿನಲ್ಲಿ ಯಾವುದೋ ಹೊಲದಲ್ಲಿ ಇಳಿದನಂತೆ. ಅಲ್ಲಿ ಅಜ್ಜಿ ಮೊಮ್ಮಗಳು ಆಲೂಗೆಡ್ಡೆ ನೆಡುತ್ತಿದ್ದರಂತೆ. ಕಿತ್ತಳೆ ಬಣ್ಣದ ಉಡುಪು, ತಲೆಗೆ ಬಿಳಿ ಟೋಪಿ ನೋಡಿ ಹೆದರಿ ಹಿಂದೆ ಸರಿದರಂತೆ. ಅದನ್ನು ಹೇಳುವಾಗ ಇವರು ತಾವೇ ಅಜ್ಜಿಯ ಹಾಗೆ ಸೊಂಟ ಹಿಡಿದು ನಿಂತರು. ಮಕ್ಕಳು ನಕ್ಕವು. ಗಂಗಾ, ಇವರ ಮುಖದಲ್ಲೂ ನಗು ಬಂತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಮೆರಿಕದಲ್ಲಿ ನೆಲದ ಮೇಲೇ, ಪರೀಕ್ಷೆಯ ವೇಳೆಯಲ್ಲಿ, ನೌಕೆಯೊಳಗಿನ ಬೆಂಕಿಗೆ ಮೂರು ಜನ ಹೋದದ್ದು ಹೇಳಿದರು. ಅದೇ ವರ್ಷ ರಷ್ಯದವನೊಬ್ಬ ಪ್ಯಾರಾಚೂಟ್ ಬಿಚ್ಚದೆ ನೌಕೆ ಸಮೇತ ನೆಲಕ್ಕೆ ಬಿದ್ದದ್ದು ಹೇಳಿದರು. ಕೊನೆಗೆ ಎಪ್ಪತ್ತೊಂದನೇ ಇಸವಿಯ ರಷ್ಯದ ಮೂವರ ಕಥೆ. ಮೂರು ವಾರ ಮೇಲಿದ್ದು ಬರುತ್ತಿದ್ದರು. ನೌಕೆಯ ಭಾಗಗಳು ಬೇರೆಯಾಗುವಾಗ ಒಂದು ವಾಲ್ವ್ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಹೊರಗೆ ಹೋಯಿತು. ಗಾಳಿ ಹಿಡಿದಿಡುವ ಉಡುಪು ತೊಟ್ಟರೆ ಮೂರು ಜನಕ್ಕೆ ಜಾಗ ಸಾಲದು ಅಂತ ಅದನ್ನು ಕೊಟ್ಟಿರಲಿಲ್ಲ. ಕೆಳಗಿದ್ದವರಿಗೆ ಇದೇನೂ ಗೊತ್ತಿಲ್ಲ. ಪ್ಯಾರಾಚೂಟ್ ಸರಿಯಾಗಿ ಬಿಚ್ಚಿತು, ನೌಕೆ ಸರಿಯಾಗಿ ಇಳಿಯಿತು. ಜನ ಓಡಿ ಹೋಗಿ ಹೊರಗಿನಿಂದ ತಟ್ಟಿದರು. ಉತ್ತರ ಬರಲಿಲ್ಲ. ಬಾಗಿಲು ತೆಗೆದರೆ ಮೂವರೂ ನಿದ್ದೆ ಮಾಡುವವರ ಹಾಗೆ ಕೂತಿದ್ದರು.

ಕೋಟಿಪುರದ ಹುಡುಗಿಯಂತೆ, ಚೌಡೇಶ್ವರಿ ಅಂತ, ಎದ್ದು ನಿಂತಳು. "ಸರ್, ಬಾಗಿಲು ತೆಗೆದವರು ಏನ್ ಮಾಡಿದ್ರು?"

ಇವರು ಮೇಜು ಹಿಡಿದುಕೊಂಡರು. ನಾನು ಏಳಲು ಹೋದೆ, ಪ್ರದೀಪನೂ ಮುಂದೆ ಬಂದ. ಕೈ ಸನ್ನೆ ಮಾಡಿ ಇಬ್ಬರನ್ನೂ ತಡೆದರು.

"ಹೊರಗೆ ತಂದು ಮಲಗಿಸಿದ್ರು. ಬಾಯಿಗೆ ಬಾಯಿಟ್ಟು ಉಸಿರು ಕೊಟ್ರು, ಎದೆ ಒತ್ತಿದ್ರು. ಮೈ ಇನ್ನೂ ಬೆಚ್ಚಗಿತ್ತು ನೋಡವ್ವ. ಮೈ ಬೆಚ್ಚಗಿದ್ರೆ ಸತ್ತಿದ್ದಾರೆ ಅಂತ ನಂಬೋಕಾಗಲ್ಲ." ಆಮೇಲೆ, "ನನ್ನ ಮಗನ ಮೈಯೂ ಬೆಚ್ಚಗಿತ್ತು" ಅಂದರು.

ಆ ದಿನ ನೀನು ತವರಿನಲ್ಲಿದ್ದೆ. ನಿನಗೆ ಯಾರೂ ಪೂರ್ತಿ ಹೇಳಿಲ್ಲ, ನಾನೂ ಹೇಳಲಿಲ್ಲ. ಅವರು ಅಷ್ಟು ಮಕ್ಕಳ ಮುಂದೆ ಹೇಳಿದರು. ನಮ್ಮ ಹೊಲದಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಹಳೆ ಬಾವಿಯ ಹಲಗೆ ತೆಗೆಸಿ, ನೀರಿದೆಯೋ ನೋಡೋಣ ಅಂತ ಲಿಂಗೇಶ ಇಳಿದದ್ದು. ಪಕ್ಕದ ಹೊಲದ ಗೋಪಾಲಪ್ಪ ಮೇಲೆ ಹಗ್ಗ ಹಿಡಿದಿದ್ದ. ಅರ್ಧ ಇಳಿಯುವಷ್ಟರಲ್ಲಿ ಲಿಂಗೇಶನ ಮಾತು ನಿಂತಿತು. ಒಳಗೆ ಗಾಳಿಯೇ ಕೆಟ್ಟಿತ್ತು. ಸೊಂಟಕ್ಕೆ ಹಗ್ಗ ಕಟ್ಟಿದ್ದರಿಂದ ಮೇಲೆಳೆದರು. ಮೈ ಮೇಲೆ ಒಂದು ಗಾಯ ಇರಲಿಲ್ಲ. ನಿನ್ನ ಮಾವನವರು ಮಣ್ಣಿನಲ್ಲಿ ಮಂಡಿಯೂರಿ ಮಗನ ಬಾಯಿಗೆ ಉಸಿರು ಊದಿದರು. ಆಂಬುಲೆನ್ಸು ಬಂದ ಮೇಲೂ ಬಿಡಲಿಲ್ಲ. ಗೋಪಾಲಪ್ಪ ಅವರ ತೋಳು ಹಿಡಿದು ಬಿಡಿಸಬೇಕಾಯಿತು.

"ಬಾವಿಗೆ ಇಳಿಯೋ ಮುಂಚೆ ಒಳಗಿನ ಗಾಳಿ ನೋಡಬೇಕು ಅಂತ ಪ್ರತಿ ವರ್ಷ ತರಗತಿಯಲ್ಲಿ ಹೇಳಿದ್ದೆ" ಅಂದರು. "ಮನೆಯಲ್ಲಿ ಹೇಳಿರಲಿಲ್ಲ. ಅವನಿಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಆ ಹುಡುಗಿ ಕೂರುವುದನ್ನೇ ಮರೆತಿದ್ದಳು. ಇವರೇ "ಕೂತ್ಕೊಳವ್ವ, ನೀನು ಒಳ್ಳೆ ಪ್ರಶ್ನೆ ಕೇಳಿದೆ" ಅಂದರು. "ಆ ಮೂವರು ಹೋದ ಮೇಲೆ ನೌಕೆಯಿಂದ ಒಂದು ಆಸನ ತೆಗೆದರು. ಎಷ್ಟೋ ವರ್ಷ ಇಬ್ಬರೇ ಹೋಗಿ ಬಂದರು, ಇಬ್ಬರೂ ಉಡುಪು ತೊಟ್ಟು. ಮೂರು ಜನ ಸತ್ತ ಮೇಲೆ ಕಲಿತ ಬುದ್ಧಿ ಅದು." ಅಷ್ಟು ಹೇಳಿ ಕೆಳಗಿಳಿದರು.

ಮನೆಗೆ ಬಂದು ಕಾಲು ತೊಳೆದುಕೊಂಡವರೇ, "ಗೋಪಾಲಪ್ಪನಿಗೆ ಹೇಳು, ಬಾವಿ ಮುಚ್ಚಿಸಿಬಿಡಲಿ" ಅಂದರು. ಎರಡು ವರ್ಷ ನಾನೇ ಬೇಡಿಕೊಂಡಿದ್ದೆ, ಒಪ್ಪಿರಲಿಲ್ಲ. ಮರುದಿನವೇ ಜೆಸಿಬಿ ಬಂತು. ಅವರು ನೋಡಲು ಬರಲಿಲ್ಲ, ನಾನೇ ನಿಂತಿದ್ದೆ. ಮೊದಲ ಮಣ್ಣು ಬಿದ್ದಾಗ ಒಳಗಿನಿಂದ ಸದ್ದು ಬಂತು. ಆಮೇಲೆ ಬರಬರುತ್ತಾ ಸದ್ದೂ ನಿಂತಿತು.

ಮುಚ್ಚಿದ ಮೇಲೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಇವರು ಮತ್ತೆ ಮೊದಲಿನ ಹಾಗೇ ಆಗಿದ್ದಾರೆ. ಪ್ರದೀಪ್ ಬೇರೆ ಊರಿನ ಶಿಬಿರಕ್ಕೂ ಕರೆದ. "ಒಂದು ಸಲ ಹೇಳಿದ್ದೇ ಸಾಕು" ಅಂದುಬಿಟ್ಟರು. ಊಟಕ್ಕೆ ಕರೆದರೆ ಬರುತ್ತಾರೆ, ಕರೆಯದಿದ್ದರೆ ಇಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಲ್ಲಿ ಓಡಾಡಬೇಡ. ನಿಮ್ಮ ಅವ್ವನಿಗೆ ನನ್ನ ಶರಣು ಹೇಳು. ನಿನ್ನ ಹೊಟ್ಟೆ, ನಿನ್ನ ಮನಸ್ಸು ಎರಡೂ ತಣ್ಣಗಿರಲಿ.

ಇತಿ,
ಸರ್ವಮಂಗಳ

ತಾ.ಕ.: ನಿಮ್ಮ ಅವ್ವ ಅಕ್ಕನಾಗಮ್ಮನವರು ಮೊನ್ನೆ ಫೋನು ಮಾಡಿದ್ದರು. ನಿನಗೆ ಗಂಡು ಗೊತ್ತಾಗಿದೆಯಂತೆ, ನಮಗೆ ಹೇಳಲು ಹೆದರುತ್ತಿದ್ದೀಯಂತೆ. ಹೆದರಬೇಡ ತಾಯಿ, ಒಳ್ಳೆಯದೇ ಆಯಿತು. ನಾವು ಮದುವೆಗೆ ಬರುವುದಿಲ್ಲ. ಬಂದರೆ ಜನ ನಿನ್ನನ್ನು ಬಿಟ್ಟು ನಮ್ಮ ಮುಖ ನೋಡುತ್ತಾರೆ. ಸಂತೋಷವಾಗಿರು. ಲಿಂಗೇಶ ಹೋದಾಗ ಅವ್ವ ಅನ್ನುವ ಬಾಯಿ ಹೋಯಿತು. ಅತ್ತೆ ಅನ್ನಲು ನೀನಿದ್ದೆ. ಇನ್ನು ಆ ಹೆಸರಿನಲ್ಲಿ ಇನ್ನೊಬ್ಬರನ್ನು ಕರೆಯುತ್ತೀಯ, ಕರೆಯಲೇಬೇಕು. ನಿನ್ನ ಮಾವನವರಿಗೆ ನನ್ನ ಹೆಸರು ಹಿಡಿದು ಕರೆದು ರೂಢಿಯಿಲ್ಲ. ಅಡುಗೆಮನೆಯಲ್ಲಿ ನಿಂತಿರುತ್ತೇನೆ. ಇಡೀ ದಿನ ಕಳೆದರೂ ಈ ಮನೆಯಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ.